ಹಡಗಿನ ಹೊಟ್ಟೆಯಲ್ಲಿದ್ದ ತಾತ

ಕಾಲುವೆ ನೀರು ಬಂದ ಮೇಲೆ ನಮ್ಮ ಹೊಲದಲ್ಲಿ ಭತ್ತ ಬೆಳೆಯಿತು, ಮನೆಯಲ್ಲಿ ಅಪ್ಪನ ಮಾತು ಬೆಳೆಯಿತು. ಕಂಪ್ಲಿಯ ಹೊಸ ಮನೆಯ ಕಟ್ಟೆಯ ಮೇಲೆ ಕೂತು, ಭತ್ತ ನೋಡಲು ಬಂದ ಮಿಲ್ಲಿನವರಿಗೆಲ್ಲ ಅವನು ತಾತನ ಕಥೆ ಹೇಳುತ್ತಿದ್ದ. ಮೊದಲನೇ ಮಹಾಯುದ್ಧದಲ್ಲಿ ತಾತ ಬ್ರಿಟಿಷರ ಉಕ್ಕಿನ ಕವಚದ ಯುದ್ಧದ ಹಡಗಿನಲ್ಲಿ ಇದ್ದದ್ದು ನಿಜ. ಆದರೆ ಅಪ್ಪನ ಬಾಯಲ್ಲಿ ತಾತ ತೋಪು ಹಾರಿಸಿ ಜರ್ಮನರ ಹಡಗು ಮುಳುಗಿಸುತ್ತಿದ್ದ. ಒಳಗೆ ಮಂಚದ ಮೇಲೆ ಮಲಗಿರುತ್ತಿದ್ದ ತಾತನಿಗೆ ಕಿವಿ ಮಂದ, ಇದೆಲ್ಲ ಕೇಳಿಸುವುದಿಲ್ಲ ಎಂದು ನಾವು ತಿಳಿದಿದ್ದೆವು.

ನಾನು ಆಗಷ್ಟೇ ಊರಿನ ಶಾಲೆಗೆ ಟೀಚರಾಗಿ ಸೇರಿದ್ದೆ. ಬಾಂಗ್ಲಾ ಯುದ್ಧ ಮುಗಿದ ಹೊಸತು; ಎಲ್ಲರ ಬಾಯಲ್ಲೂ ಸೈನಿಕರ ಮಾತು. ಗಣರಾಜ್ಯ ದಿನದಂದು ತಾತನಿಗೆ ಸನ್ಮಾನ ಮಾಡೋಣ ಎಂದು ಹೆಡ್‌ಮಾಸ್ಟರು ಹೇಳಿದಾಗ ಅಪ್ಪ ಹೊಸ ಧೋತರ ತರಿಸಿದ.

ವೇದಿಕೆಯಲ್ಲಿ ತಾತನಿಗೆ ಹಾರ ಹಾಕಿ, ಯುದ್ಧದಲ್ಲಿ ತೋಪು ಹೇಗೆ ಹಾರಿಸುತ್ತಿದ್ದಿರಿ ಎಂದು ಹೆಡ್‌ಮಾಸ್ಟರು ಮೈಕಿನಲ್ಲೇ ಕೇಳಿದರು. ತಾತ ಮೈಕಿನ ಕಡೆ ಬಗ್ಗಿದ.

“ತೋಪು ನಾ ಮುಟ್ಟಿಲ್ರಿ. ನಾ ಇದ್ದಿದ್ದು ಕೆಳಗ, ಹಡಗಿನ ಹೊಟ್ಟ್ಯಾಗ. ಎಂಜಿನ್ ಒಲಿಗೆ ಬುಟ್ಟ್ಯಾಗ ಕಲ್ಲಿದ್ದಲು ಹೊರ್ತಿದ್ದೆ.”

ಹಿಂದೆ ಯಾರೋ ನಕ್ಕರು. ಮುಂದಿನ ಸಾಲಿನಲ್ಲಿದ್ದ ಅಪ್ಪ ತಲೆ ತಗ್ಗಿಸಿದ. ತಾತ ಇಷ್ಟಕ್ಕೇ ನಿಲ್ಲಿಸಲಿ ಎಂದುಕೊಂಡೆ. ಅವನು ನಿಲ್ಲಿಸಲಿಲ್ಲ. ಹೊಟ್ಟೆಪಾಡಿಗೆ ಮುಂಬೈಗೆ ಹೋಗಿದ್ದವನನ್ನು ಬಂದರಿನಲ್ಲೇ ಕೂಲಿಗೆ ಹತ್ತಿಸಿಕೊಂಡಿದ್ದರಂತೆ. ಸಿಪಾಯಿಗಳನ್ನು ಒಯ್ಯುವ ಹಡಗುಗಳಿಗೆ ಇವರ ಹಡಗು ಕಾವಲು. ಮೇಲೆ ತೋಪು ಸಿಡಿದಾಗ ಕೆಳಗಿನವರ ತಲೆ ಮೇಲೆ ಕಲ್ಲಿದ್ದಲಿನ ಪುಡಿ ಉದುರುತ್ತಿತ್ತು, ಅಷ್ಟೇ. ಯಾರಿಗೆ ಹೊಡೆದರು, ಯಾರು ಸತ್ತರು ಎಂದು ಇಳಿದು ಬಂದು ಹೇಳುವವರಿರಲಿಲ್ಲ. ಅರಬಸ್ತಾನದ ಕಡೆಯ ಸೆಕೆಯಲ್ಲಿ ಒಂದು ದಿನ ಜೊತೆಗಾರನೊಬ್ಬ ಒಲೆಯ ದಾರಿಯಲ್ಲೇ ಕುಸಿದು ಬಿದ್ದ. ಕೆಲಸ ನಿಲ್ಲಬಾರದು ಎಂದು ಸಾಹೇಬ ಕೂಗಿದ.

“ಅವನಿಗಿನ್ನೂ ಉಸಿರಿತ್ತು. ನಾ ಅವನ್ನ ದಾಟಿ ಹೋದೆ. ತಿರುಗಿ ಬಂದು ಮತ್ತ ದಾಟಿದೆ. ಬುಟ್ಟಿ ಕೆಳಗ ಇಡಲಿಲ್ಲ. ಇದಕ್ಕ ಹಾರ ಬ್ಯಾಡ್ರಿ.”

ಹಾರ ತೆಗೆದು ಕುರ್ಚಿಯ ಮೇಲಿಟ್ಟ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಡ್‌ಮಾಸ್ಟರು ಅವಸರದಲ್ಲಿ ಸಿಹಿ ಹಂಚಲು ಹೇಳಿದರು.

ಮನೆಗೆ ಬಂದ ಮೇಲೆ ಅಪ್ಪ ಬಾಗಿಲು ಹಾಕಿಕೊಂಡು, ಊರ ಮುಂದೆ ಮಾನ ತೆಗೆದೆ ಎಂದು ತಾತನ ಮೇಲೆ ಹರಿಹಾಯ್ದ. ತಾತ ಸಿಟ್ಟಾಗಲಿಲ್ಲ.

“ನೀ ಹೇಳೋದೆಲ್ಲ ನನಗ ಕೇಳಿಸ್ತಿತ್ತಪ್ಪ. ಸುಳ್ಳು ಅನ್ನಾಕ ಬಾಯಿ ಬರಲಿಲ್ಲ. ನಿಂದು ಕೇಳಾಕ ಚಂದ ಇತ್ತು.”

ಮರುದಿನದಿಂದ ಶಾಲೆಯಲ್ಲಿ ನಾನು ತಲೆಯೆತ್ತಿ ಯಾರ ಮುಖವನ್ನೂ ನೋಡಲಾರದೆ ಹೋದೆ. ನನಗಾದ ನಾಚಿಕೆ ಅಪ್ಪನ ಸುಳ್ಳಿನದೋ, ತಾತ ದಾಟಿ ಹೋದ ಮನುಷ್ಯನದೋ, ಬಿಡಿಸಿ ಹೇಳಲು ಆಗುತ್ತಿರಲಿಲ್ಲ.

ಒಂದು ಭಾನುವಾರ ಸಂಡೂರಿನ ಗಣಿಯಲ್ಲಿ ಅದಿರು ತುಂಬುವ ನಮ್ಮೂರಿನ ಕೂಲಿಯವನೊಬ್ಬ ಮನೆಗೆ ಬಂದ. ಅವನ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಮಗಳಿಂದ ಎಲ್ಲ ಕೇಳಿದೆ, ತಾತನನ್ನು ನೋಡಬೇಕು ಎಂದ. ಅಪ್ಪ ಒಳಗೆ ಕರೆಯಲಿಲ್ಲ, ಕಟ್ಟೆಯ ಮೇಲೆ ಕೂಡು ಎಂದೂ ಅನ್ನಲಿಲ್ಲ. ಅವನು ಅಂಗಳದಲ್ಲೇ ಕೂತ. ಬಾಗಿಲಲ್ಲಿ ನಿಂತಿದ್ದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಾತ ಗೋಡೆ ಹಿಡಿದು ಮೆಲ್ಲಗೆ ಹೊರಗೆ ಬಂದು ಅವನ ಪಕ್ಕ ನೆಲದ ಮೇಲೆ ಕೂತ.

ಗಣಿಯಲ್ಲಿ ಮಣ್ಣು ಕುಸಿದು ತನ್ನ ಜೊತೆಯವನು ಸತ್ತದ್ದನ್ನು ಅವನು ಹೇಳಿದ. ಹೆಣ ಬದಿಗಿಟ್ಟು ಲಾರಿ ತುಂಬಿಸಿದ್ದರಂತೆ.

“ನಾನೂ ತುಂಬಿದೆ, ತಾತ,” ಎಂದ.

ತಾತ ಅವನ ಕೈ ಹಿಡಿದುಕೊಂಡ. ನಾನು ಇಬ್ಬರಿಗೂ ಚಹಾ ತಂದುಕೊಟ್ಟೆ.

ಆಮೇಲೂ ಅವನು ಆಗಾಗ ಬರುತ್ತಿದ್ದ. ಅಪ್ಪ ಹಡಗಿನ ಮಾತೆತ್ತುವುದನ್ನೇ ಬಿಟ್ಟ. ಕೆಲವು ವರ್ಷಗಳ ನಂತರ ತಾತ ತೀರಿಕೊಂಡಾಗ ಆ ಗಣಿಯವನು ಹೆಗಲು ಕೊಡಲು ಬಂದು ದೂರದಲ್ಲಿ ನಿಂತಿದ್ದ. ಅಪ್ಪ ಅವನನ್ನು ನೋಡಿದ, ಸರಿದು ಚಟ್ಟದ ಹತ್ತಿರ ತನ್ನ ಪಕ್ಕದಲ್ಲಿ ಜಾಗ ಬಿಟ್ಟ.