ಶಬ್ದ ಮಾಡದ್ದನ್ನು ಕೇಳಲು ಹೋಗಿ

ಸ್ನೇಹಿತರೇ, ಇವತ್ತು ಮಣಿಪಾಲದ ಕಂಪ್ಯೂಟರ್ ಅಂಗಡಿಯಿಂದ ತಲೆ ಕೆಡಿಸಿಕೊಂಡು ಬಂದಿದ್ದೇನೆ.

ಅಂಧ ವಿದ್ಯಾರ್ಥಿಗಳಿಗಾಗಿ ನಾನು ಮನೆಯಲ್ಲೇ ಪಾಠ ಓದಿ ರೆಕಾರ್ಡ್ ಮಾಡುತ್ತೇನೆ. ಬೆಳಿಗ್ಗೆ ಕಾರ್ಕಳದ ಹುಡುಗಿಯೊಬ್ಬಳು ಫೋನ್ ಮಾಡಿ, "ಅಕ್ಕ, ಓದುವಾಗ ಮಿಕ್ಸಿ ಬಂದ್ ಮಾಡ್ತೀರಾ? ಪರೀಕ್ಷೆ ಹತ್ತಿರ ಉಂಟು" ಎಂದಳು. ಅದು ಮಿಕ್ಸಿಯಲ್ಲ, ನನ್ನ ಕಂಪ್ಯೂಟರಿನ ಫ್ಯಾನು! ನಾಚಿಕೆಯಾಗಿ, ಕಂಪ್ಯೂಟರನ್ನು ನೀರಿನಿಂದ ತಣ್ಣಗಿಡುವ ಅಗ್ಗದ ವಾಟರ್ ಕೂಲಿಂಗ್ ಸೆಟ್ ಹುಡುಕಿಕೊಂಡು ಹೋದೆ.

ಅಂಗಡಿಯವರು ಆ ಸೆಟ್ಟಿನ ನೀರು ಓಡಿಸುವ, ಲೈಟ್ ಮಿನುಗುವ ಒಂದು ಪಂಪ್ ಚಾಲೂ ಮಾಡಿ ತೋರಿಸಿದರು.

"ಶಬ್ದ ಎಷ್ಟು ಉಂಟು?" ಎಂದೆ.

"ಹದಿನಾರು ಬಣ್ಣ ಉಂಟು ಮೇಡಂ."

ಪಕ್ಕದಲ್ಲಿದ್ದ, ಬಿಸಿ ನೀರನ್ನು ಫ್ಯಾನಿನಿಂದ ತಣಿಸುವ ರೇಡಿಯೇಟರ್ ತೋರಿಸಿ, "ಇದರ ಶಬ್ದ?" ಎಂದೆ.

"ಇದರ ಲೈಟ್ ಹಾಡಿಗೆ ಸರಿಯಾಗಿ ಕುಣಿಯುತ್ತದೆ."

ನನ್ನ ತಾಳ್ಮೆ ಮುಗಿಯಿತು. "ನನ್ನ ಪಾಠ ಕೇಳುವ ಮಕ್ಕಳಿಗೆ ಕಣ್ಣೇ ಕಾಣುವುದಿಲ್ಲ ಮಾರಾಯ್ರೆ! ಬಣ್ಣ ಎಂತಕ್ಕೆ? ಲೈಟ್ ಇಲ್ಲದ್ದು, ಶಬ್ದ ಮಾಡದ್ದು ಕೊಡಿ."

ಅವರ ಮುಖ ಸಣ್ಣದಾಯಿತು. "ಅದು ತರಿಸಬೇಕು ಮೇಡಂ, ಒಂದು ವಾರ ಆಗ್ತದೆ."

"ಅಂಗಡಿಯಲ್ಲಿ ಒಂದಾದರೂ ಯಾಕೆ ಇಟ್ಟುಕೊಳ್ಳುವುದಿಲ್ಲ?"

"ಶಬ್ದ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಮೇಡಂ."

ಆರ್ಡರ್ ಕೊಟ್ಟು ಬಂದೆ. ಆ ಒಂದು ಮಾತಿನಲ್ಲಿ ಮಾತ್ರ ಅವರ ಜೊತೆ ನನಗೆ ತಕರಾರಿಲ್ಲ.