ಪಕ್ಕದ ಮನೆಯ ಗೂಳಿ ಸವಾರ

ಕಳೆದ ವಾರ ಮಗಳಿಗೆ ಹೊಸ ವಯೊಲಿನ್ ತಂದೆವು. ಕಮಾನಿಗೆ ಉಜ್ಜುವ ರಾಳದ ಪುಟ್ಟ ಬಿಲ್ಲೆಯನ್ನು ಅವಳು ಕಾಗದದಿಂದ ಬಿಡಿಸಿ ನನ್ನ ಮೂಗಿನ ಹತ್ತಿರ ಹಿಡಿದಳು. ಪೈನ್ ಮರದ ಅಂಟಿನ ವಾಸನೆ, ಸ್ವಲ್ಪ ಕಹಿ, ಸ್ವಲ್ಪ ಧೂಪದಂಥದು. ಒಳಗೆ ಕುಕ್ಕರ್ ಕೂಗುತ್ತಿತ್ತು, ನಾನು ಏಳಲಿಲ್ಲ. ಕಣ್ಣ ಮುಂದೆ ಒಂದು ಹಳೆಯ ಚರ್ಮದ ಕೈಗವಸು ಬಂದು ನಿಂತಿತ್ತು... ಎಡಗೈಯದು, ಅಂಗೈಯ ಜಾಗದಲ್ಲಿ ರಾಳ ಹಿಡಿದು ಕಪ್ಪಗೆ ಹೊಳೆಯುತ್ತಿದ್ದದ್ದು. ಅದು ನಮ್ಮ ಪಕ್ಕದ ಮನೆಯ ಅಜ್ಜನದು.

ನಾವು ಜಪಾನಿನ ಹಮಾಮತ್ಸುವಿಗೆ ಬಂದದ್ದು ಗಂಡನ ಎಂಜಿನ್ ವಿನ್ಯಾಸದ ಕೆಲಸಕ್ಕಾಗಿ. ಈ ಊರಿನ ಕಾರ್ಖಾನೆಗಳಲ್ಲಿ ಬ್ರೆಜಿಲ್‌ನಿಂದ ಬಂದವರು ಬಹಳ ಮಂದಿ. ಹಿಂದೊಮ್ಮೆ ಹೊಟ್ಟೆಪಾಡಿಗೆ ಇಲ್ಲಿಂದ ಅಲ್ಲಿಗೆ ಹೋದವರ ಮಕ್ಕಳು ಹೊಟ್ಟೆಪಾಡಿಗೇ ಮರಳಿ ಬಂದಿದ್ದಾರೆ. ನಮ್ಮ ಪಕ್ಕದ ಮನೆಯಾಕೆಯೂ ಅಂಥವಳೇ. ಐವತ್ತರ ಹತ್ತಿರದ ವಯಸ್ಸು, ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ. ಕೊರೊನಾ ಬಂದ ವರ್ಷದ ಫೆಬ್ರವರಿಯಲ್ಲಿ, ವಿಮಾನಗಳು ನಿಲ್ಲುವ ಸ್ವಲ್ಪ ಮೊದಲು, ಆಕೆಯ ತಂದೆ ಒಂದೇ ಒಂದು ಚೀಲ ಹಿಡಿದು ಬಂದಿಳಿದರು. ಹದಿನೆಂಟರ ಪ್ರಾಯದಲ್ಲಿ ಹಡಗು ಹತ್ತಿ ಈ ದೇಶ ಬಿಟ್ಟವರು, ಎಪ್ಪತ್ತಾರರಲ್ಲಿ ವಾಪಸು.

ಅವರ ಜಪಾನೀಸ್ ತುಕ್ಕು ಹಿಡಿದಿತ್ತು. ಒಂದೊಂದು ಪದವನ್ನೂ ಬಾವಿಯಿಂದ ನೀರು ಸೇದಿದಂತೆ ಮೇಲೆತ್ತಿ ನಿಧಾನವಾಗಿ ಆಡುತ್ತಿದ್ದರು. ಹಾಗಾಗಿ ಇಡೀ ಬೀದಿಯಲ್ಲಿ ನನಗೆ ಪೂರ್ತಿ ಅರ್ಥವಾಗುತ್ತಿದ್ದದ್ದು ಅವರೊಬ್ಬರ ಮಾತು. ಹೊರಗೆ ಹೋಗುವಂತಿಲ್ಲದ ಆ ಬೆಳಗುಗಳಲ್ಲಿ ನಾವಿಬ್ಬರೂ ಅವರವರ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೆವು. ನಾನು ಬಟ್ಟೆ ಒಣಹಾಕುತ್ತಿದ್ದೆ. ಅವರು ಸ್ಟೂಲಿನ ಮೇಲೆ ಕೂತು ಆ ಕೈಗವಸಿಗೆ ರಾಳ ತಿಕ್ಕುತ್ತಿದ್ದರು. ಇನ್ನೆಂದೂ ತೊಡದ ಕೈಗವಸಿಗೆ ಅದೇಕೆ ಎಂದು ನಾನು ಕೇಳಲಿಲ್ಲ.

ಅವರು ರೋಡಿಯೊ ಸವಾರರಾಗಿದ್ದರು. ಕೆರಳಿದ ಗೂಳಿಯ ಬೆನ್ನ ಮೇಲೆ, ರಾಳ ತಿಕ್ಕಿದ ಕೈಗವಸು ತೊಟ್ಟ ಒಂದು ಕೈಯಲ್ಲಿ ಹಗ್ಗ ಜಾರದಂತೆ ಹಿಡಿದು, ಇನ್ನೊಂದು ಕೈ ಗಾಳಿಯಲ್ಲಿ ಬಿಟ್ಟು, ಎಂಟು ಸೆಕೆಂಡು ಕೂರಬೇಕು. ಅಷ್ಟೇ ಆಟ. ಕಾಫಿ ತೋಟದ ಕೂಲಿಗೆಂದು ಹೋದ ಹುಡುಗ ಹೇಗೋ ಅದಕ್ಕೆ ಬಿದ್ದು, ಇಪ್ಪತ್ತು ವರ್ಷ ಊರೂರು ಅಲೆದರಂತೆ. ಮೈ ಬಗ್ಗದಾದ ಮೇಲೆ ಕುದುರೆಯ ಮೇಲೆ ಕಣದಲ್ಲಿ ನಿಂತು, ಬಿದ್ದ ಸವಾರರನ್ನು ಗೂಳಿಯಿಂದ ತಪ್ಪಿಸುವ ಕೆಲಸ ಹಿಡಿದರು.

"ಆ ಎಂಟು ಸೆಕೆಂಡು ಏನೂ ಕೇಳಿಸಲ್ಲ, ಒಕುಸಾನ್," ಅಂದಿದ್ದರು ಒಮ್ಮೆ. ನಮ್ಮಂಥ ಮನೆಯಾಕೆಯರನ್ನು ಇಲ್ಲಿ ಹಾಗೆ ಕರೆಯುತ್ತಾರೆ. "ಜನ ಕೂಗ್ತಾರೆ, ಆದ್ರೆ ಕೇಳಿಸಲ್ಲ. ನೀರಿನ ಒಳಗೆ ಇದ್ದ ಹಾಗೆ. ಧೂಳು ಕೂಡ ನಿಧಾನವಾಗಿ ಇಳಿಯುತ್ತೆ."

ನಾನು ಹಾವೇರಿಯವಳು. ನಮ್ಮ ಕಡೆಯ ಹೋರಿ ಬೆದರಿಸುವ ಹಬ್ಬದ ಬಗ್ಗೆ ನನ್ನ ಹರಕು ಜಪಾನೀಸಿನಲ್ಲಿ ಹೇಳಿದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಹೋರಿಯನ್ನು ಓಡಿಸುವುದು, ಹುಡುಗರು ಮೈಮೇಲೆ ಬಿದ್ದು ಆ ಸರ ಹರಿಯುವುದು, ಕೊನೆಗೂ ಕೈಗೆ ಸಿಗದೆ ಹೋದ ಹೋರಿಯ ಹೆಸರು ಸುತ್ತಲಿನ ಊರುಗಳಲ್ಲೆಲ್ಲ ಮೆರೆಯುವುದು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕೇಳಿದ್ದು ಒಂದೇ: "ಬಿದ್ದವರನ್ನ ಯಾರು ಎತ್ತುತ್ತಾರೆ?" ನಾವು ಹೆಣ್ಣುಮಕ್ಕಳು ಮಾಳಿಗೆಯ ಮೇಲಿಂದ ನೋಡುತ್ತಿದ್ದದ್ದು ಹೋರಿಯನ್ನಷ್ಟೇ.

ಅವರ ಮಗ ಎದುರಿನ ಕಟ್ಟಡದಲ್ಲೇ ಇದ್ದ. ಇದು ನನಗೆ ತಿಳಿದದ್ದು ತಡವಾಗಿ. ಬೆಳಿಗ್ಗೆ ಏಳಕ್ಕೆ ಬೂದು ಬಣ್ಣದ ಕಾರ್ಖಾನೆಯ ಅಂಗಿ ತೊಟ್ಟ ಒಬ್ಬ ಗಟ್ಟಿ ಆಳು ಕಾರು ತೆಗೆಯುವಾಗ ಅಜ್ಜ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದರು. ಆತ ಮೇಲೆ ನೋಡುತ್ತಿರಲಿಲ್ಲ. ಅಣ್ಣ ತಂಗಿ ಇಬ್ಬರೂ ಇಪ್ಪತ್ತು ವರ್ಷದಿಂದ ಎದುರುಬದುರು ಇದ್ದೂ ಮಾತು ಬಿಟ್ಟಿದ್ದರು. ಕಾರಣವನ್ನು ಪಕ್ಕದ ಮನೆಯಾಕೆಯೇ ಹೇಳಿದ್ದಳು. ಅಮ್ಮ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ದುಡಿಯಲು ಬಂದಳು, ಅಪ್ಪ ಮುಂದಿನ ವರ್ಷ ಬರುತ್ತೇನೆಂದು ಅಲ್ಲೇ ಉಳಿದರು. ಆ ಮುಂದಿನ ವರ್ಷ ಬರಲೇ ಇಲ್ಲ. ಅಮ್ಮ ಸಾಯುವ ಸ್ಥಿತಿಯಲ್ಲಿದ್ದಾಗ ಅಪ್ಪ ಹೊರಟಿದ್ದೇನೆಂದು ತಿಳಿಸಿದ್ದರು. ಅಣ್ಣ ವಿಮಾನ ನಿಲ್ದಾಣದಲ್ಲಿ ಇಡೀ ಒಂದು ದಿನ ಕಾದ. ಯಾರೂ ಇಳಿಯಲಿಲ್ಲ. ವಾರದ ಮೇಲೆ ಸುದ್ದಿ ಬಂತು, ಟಿಕೆಟ್ ಸಿಗಲಿಲ್ಲವೆಂದು. ಅಪ್ಪ ಬರುವವರೆಗೆ ಅಮ್ಮನ ಬೂದಿಯನ್ನು ಮನೆಯಲ್ಲೇ ಇಡೋಣ ಎಂದಳು ತಂಗಿ. ಅಣ್ಣ ಕೇಳದೆ ಒಬ್ಬನೇ ಹೋಗಿ ಸಮಾಧಿಯಲ್ಲಿಟ್ಟು ಬಂದ. ಅಲ್ಲಿಗೆ ಮನೆ ಎರಡಾಯಿತು.

ಟಿಕೆಟ್ಟಿನ ಮಾತು ಸುಳ್ಳು. ಅದನ್ನು ಅಜ್ಜ ನನಗೊಬ್ಬಳಿಗೇ ಹೇಳಿದ್ದರು, ಮೊದಲ ವರ್ಷದ ಶರತ್ಕಾಲದಲ್ಲಿ, ಬಿಸಿಲು ಬಾಲ್ಕನಿಯ ತುಂಬ ಹಾಲಿನಂತೆ ಹರಡಿದ್ದ ಒಂದು ಬೆಳಗು. ಇನ್ನು ಗೂಳಿ ಏರುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಹೊರಡಲು ಎರಡು ದಿನವಿದ್ದಾಗ ಅವರಿದ್ದ ಊರಿನ ಜಾತ್ರೆ. ಹಳೆಯ ಸವಾರರೆಲ್ಲ ಒಮ್ಮೆ ಏರಿ ತೋರಿಸಲಿ ಎಂದು ಜನ ಕರೆದರು. ಇವರೂ ಏರಿದರು.

"ಹೋಗೋ ಮುಂಚೆ ಕೊನೆಯದು ಅಂದ್ಕೊಂಡೆ." ಕೈಗವಸನ್ನು ಮಡಿಲಲ್ಲಿ ಮಡಿಸಿದರು. "ಕಣ್ಣು ಬಿಟ್ಟಾಗ ಆಸ್ಪತ್ರೆ. ಅಷ್ಟೊತ್ತಿಗೆ ಅವಳು ಇರಲಿಲ್ಲ. ಏನು ಅಂತ ಹೇಳ್ಲಿ? ಮಕ್ಕಳಿಗೆ ಹೇಳಬೇಡಿ, ಒಕುಸಾನ್."

ನಾನು ಹೇಳಲಿಲ್ಲ. ಆದರೆ ಅಂದಿನಿಂದ ಬೆಳಿಗ್ಗೆ ಏಳಕ್ಕೆ ಆ ಕಾರು ಹೊರಡುವಾಗ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಮರುವರ್ಷ ಬೇಸಿಗೆಯ ಹೊತ್ತಿಗೆ ವಯಸ್ಸಾದವರಿಗೆ ಲಸಿಕೆ ಬಂತು. ಅಜ್ಜನ ಸರದಿಯ ದಿನಕ್ಕೆ ಸರಿಯಾಗಿ ಮಗಳ ವೃದ್ಧಾಶ್ರಮದಲ್ಲಿ ಸೋಂಕು ಕಾಣಿಸಿ, ಸಿಬ್ಬಂದಿಯೆಲ್ಲ ಅಲ್ಲೇ ಉಳಿಯಬೇಕಾಯಿತು. ಆಕೆ ಫೋನಿನಲ್ಲಿ ನನ್ನನ್ನು ಕೇಳಿಕೊಂಡಳು. ನನಗೆ ಕಾರು ಓಡಿಸಲು ಬಾರದು. ಅಜ್ಜನಿಗೆ ಸೊಂಟ ಹಿಡಿದು ಮೆಟ್ಟಿಲು ಇಳಿಯುವುದೇ ಕಷ್ಟವಾಗಿತ್ತು. ಎದುರು ಕಟ್ಟಡದಲ್ಲಿದ್ದ ಅವರ ಮಗನನ್ನು ಕರೆಯುತ್ತೇನೆಂದಾಗ ನನ್ನ ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು.

"ಅದು ಅವ್ರ ಫ್ಯಾಮಿಲಿ ಮ್ಯಾಟರ್ ಕಣೆ, ನಾವ್ ಮಧ್ಯ ಹೋದ್ರೆ ಚೆನ್ನಾಗಿರಲ್ಲ. ಟ್ಯಾಕ್ಸಿ ಬುಕ್ ಮಾಡ್ಕೊಡ್ತೀನಿ."

"ಟ್ಯಾಕ್ಸಿಯವ ಬಂದು ಅವರನ್ನ ಮೆಟ್ಟಿಲು ಇಳಸ್ತಾನೇನ್ರೀ?" ಅಂದೆ.

ಎದುರು ಕಟ್ಟಡದ ಬಾಗಿಲು ತಟ್ಟಿದೆ. ಆತ ಮಾಸ್ಕ್ ಹಾಕಿಕೊಂಡೇ ತೆರೆದ. ಸುಮಿಮಾಸೆನ್, ಕ್ಷಮಿಸಿ, ಎಂದು ಶುರುಮಾಡಿ, ಕಲಿತು ಹೋಗಿದ್ದ ವಾಕ್ಯವನ್ನು ಮರೆತು, "ನಿಮ್ಮ ತಂದೆಗೆ ಮೆಟ್ಟಿಲು ಇಳಿಯೋಕೆ ಆಗಲ್ಲ" ಅಂದುಬಿಟ್ಟೆ. ಆತ ನನ್ನ ಚಪ್ಪಲಿ ನೋಡಿದ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡ.

ದಾರಿಯುದ್ದಕ್ಕೂ ನಾಲ್ಕೂ ಕಿಟಕಿ ತೆರೆದಿದ್ದವು. ಗಾಳಿಯೊಂದೇ ಒಳಗೆ ಬಂದು ಹೋಗುತ್ತಿತ್ತು...

ಲಸಿಕೆ ಕೊಡುತ್ತಿದ್ದದ್ದು ಒಂದು ಆಟದ ಸಭಾಂಗಣದಲ್ಲಿ. ಮಗ ತೋಳು ಹಿಡಿದು ಅಪ್ಪನನ್ನು ವೈದ್ಯೆಯ ಮುಂದೆ ಕೂರಿಸಿ ಹಿಂದೆ ನಿಂತ. ಅಜ್ಜ ಬಲತೋಳಿನ ಅಂಗಿ ಮೇಲಕ್ಕೆ ಮಡಿಸಿದಾಗ ಭುಜದಿಂದ ಮೊಣಕೈವರೆಗೆ ಉದ್ದಕ್ಕೆ ಹೊಲಿಗೆಯ ಗುರುತು ಕಾಣಿಸಿತು. "ಒಳಗೆ ಲೋಹ ಇದೆಯಾ? ಯಾವಾಗ ಆದ ಆಪರೇಷನ್?" ಎಂದು ವೈದ್ಯೆ ಕೇಳಿದರು. ಬಹಳ ಹಿಂದೆ ಎಂದಿದ್ದರೆ ಸಾಕಿತ್ತು. ಅಜ್ಜ ನನ್ನತ್ತ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ.

"ಬ್ರೆಜಿಲ್‌ನಲ್ಲಿ," ಅಂದರು, ಒಂದೊಂದೇ ಪದ ಎತ್ತಿ. "ನನ್ನ ಹೆಂಡತಿ ಇಲ್ಲಿ ತೀರಿಕೊಂಡ ವಾರ. ಗೂಳಿಯಿಂದ ಬಿದ್ದೆ."

ವೈದ್ಯೆ ಬರೆದುಕೊಂಡರು. ಚುಚ್ಚಿಸಿಕೊಂಡ ಮೇಲೆ ಹದಿನೈದು ನಿಮಿಷ ಕಾಯಬೇಕಿತ್ತು. ಎರಡೆರಡು ಮೀಟರ್ ದೂರಕ್ಕೊಂದು ಕುರ್ಚಿ, ಎತ್ತರದ ಕಿಟಕಿಗಳಿಂದ ಬೀಳುವ ಬೆಳಕು, ಬಾಯಿ ಮುಚ್ಚಿದ ನೂರಾರು ಮುದುಕ ಮುದುಕಿಯರು. ಎಲ್ಲರೂ ಯಾವುದೋ ಹಡಗಿನಲ್ಲಿ ಹೊರಟಂತಿತ್ತು. ಮಗ ಅಪ್ಪನ ಮುಂದಿನ ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದ. ಆ ಬೆನ್ನು ಅಲುಗುತ್ತಿದ್ದದ್ದನ್ನು ನಾನು ನೋಡಿದೆ. ಅಜ್ಜನೂ ನೋಡಿದರು.

ವಾಪಸು ಬರುವಾಗ ಕಾರು ನಮ್ಮ ಬೀದಿಗೆ ತಿರುಗಲಿಲ್ಲ. ಕಿತ್ತಳೆ ತೋಟಗಳ ನಡುವೆ ಗುಡ್ಡ ಹತ್ತಿ ಒಂದು ಸ್ಮಶಾನದ ಮುಂದೆ ನಿಂತಿತು. ದೂರದಲ್ಲಿ ಹಮಾನಾ ಸರೋವರ ಹೊಳೆಯುತ್ತಿತ್ತು. ಮಗ ಬಾಗಿಲು ತೆರೆದು ಬಗ್ಗಿ ಹೆಗಲು ಕೊಟ್ಟ. ಇಬ್ಬರೂ ಕಲ್ಲುಗಳ ನಡುವೆ ಬಹಳ ನಿಧಾನವಾಗಿ ನಡೆದರು. ನಾನು ಕಾರಿನಲ್ಲೇ ಉಳಿದೆ. ಎಷ್ಟು ಹೊತ್ತು ಎಂದು ನೆನಪಿಲ್ಲ... ಚಿಟ್ಟೆಯೊಂದು ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋದದ್ದು ನೆನಪಿದೆ. ತಿರುಗಿ ಬಂದಾಗ ಅಜ್ಜನ ಮೊಣಕಾಲಿಗೆ ಮಣ್ಣು ಮೆತ್ತಿತ್ತು. ಮಗ ಕೂತು ಸ್ಟೇರಿಂಗ್ ಹಿಡಿದವನು ನನಗೆ ಹೇಳಿದ: "ಅಪ್ಪನಿಗೆ ಅಲ್ಲಿ ಇನ್ನೊಬ್ಬಳು ಹೆಂಡತಿ ಇದ್ದಾಳೆ ಅಂದ್ಕೊಂಡಿದ್ದೆ, ಇಪ್ಪತ್ತು ವರ್ಷ. ಇದ್ದದ್ದು ಗೂಳಿ." ನಗಬೇಕೋ ಅಳಬೇಕೋ ಅವನಿಗೂ ತಿಳಿದಂತಿರಲಿಲ್ಲ.

ಎಂಟು ದಿನದ ಮೇಲೆ ಅಜ್ಜನ ಮಗಳು ಮನೆಗೆ ಬಂದಾಗ ಅಣ್ಣ ನಮ್ಮ ಮಹಡಿಯ ಮೆಟ್ಟಿಲಲ್ಲಿ ಕೂತಿದ್ದ. ಆಕೆ ನಾಲ್ಕು ಮೆಟ್ಟಿಲು ಬಿಟ್ಟು ಕೂತಳು. ಮಾಸ್ಕಿನ ಹಿಂದಿನಿಂದ, ನನಗೆ ಗೊತ್ತಿಲ್ಲದ ಪೋರ್ಚುಗೀಸಿನಲ್ಲಿ, ಸಂಜೆಯವರೆಗೂ ಮಾತಾಡಿದರು. ಮಧ್ಯೆ ಆಕೆ ಒಮ್ಮೆ ಜೋರಾಗಿ ಅತ್ತಳು. ಅಪ್ಪ ಮಾತು ಮುರಿದದ್ದನ್ನು ಆಕೆ ಪೂರ್ತಿ ಕ್ಷಮಿಸಲಿಲ್ಲವೆಂದು ಆಮೇಲೆ ತಿಳಿಯಿತು. ಅಷ್ಟು ವರ್ಷ ಅವರ ಪರ ನಿಂತವಳು ಆಕೆಯೇ ಅಲ್ಲವೇ? ಕ್ಷಮಿಸಿದ್ದು ಅಣ್ಣ. ಅದಾದ ಮೇಲೆ ಭಾನುವಾರಗಳಲ್ಲಿ ಆತ ಮೀನು ಸುಟ್ಟು ತರುತ್ತಿದ್ದ, ಮೂವರೂ ಕೂತು ಉಣ್ಣುತ್ತಿದ್ದರು. ಗೋಡೆಯಾಚೆ ತಟ್ಟೆಯ ಸದ್ದು ಜಾಸ್ತಿ, ಮಾತು ಕಡಿಮೆ.

ಆ ಚಳಿಗಾಲದಲ್ಲಿ ಅಜ್ಜನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಣ್ಣ ತಂಗಿ ಇಬ್ಬರೂ ದಿನವೂ ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ಮೂರನೇ ಮಹಡಿಯ ಕಿಟಕಿ ನೋಡಿ ಬರುತ್ತಿದ್ದರು. ಹತ್ತನೇ ದಿನ ಬೆಳಿಗ್ಗೆ ಅಜ್ಜ ಹೋಗಿಬಿಟ್ಟರು. ಕೊನೆಯ ದರ್ಶನಕ್ಕೆ ಮಕ್ಕಳಿಬ್ಬರಿಗೆ ಮಾತ್ರ ಅವಕಾಶ. ಒಂದು ಹೂವನ್ನಾದರೂ ಇಡುವುದು ನನಗೆ ಸಾಧ್ಯವಾಗಲಿಲ್ಲ.

ಹೋದ ತಿಂಗಳು ಪಕ್ಕದ ಮನೆಯಾಕೆ ಸರೋವರದ ಆಚೆಗೆ ಕೆಲಸ ಸಿಕ್ಕಿ ಮನೆ ಬದಲಾಯಿಸಿದಳು. ಅಣ್ಣನೇ ಪೆಟ್ಟಿಗೆಗಳನ್ನು ಹೊತ್ತ. ಹೊರಡುವಾಗ ಆಕೆ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಆವತ್ತು ಅವನ ಬಾಗಿಲು ತಟ್ಟಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು," ಅಂದಳು. "ನಾನೇ ತಟ್ಟಬೇಕಾಗಿತ್ತು." ಆಮೇಲೆ ಬಗ್ಗಿ ನಮಸ್ಕರಿಸಿ ಕಾರು ಹತ್ತಿದಳು.

ಈಗ ಆ ಮನೆ ಖಾಲಿ. ಇವತ್ತು ಬೆಳಿಗ್ಗೆ ಬಟ್ಟೆ ಒಣಹಾಕುತ್ತ ಪಕ್ಕಕ್ಕೆ ತಿರುಗಿ "ಒಹಾಯೊ ಗೊಝೈಮಸ್" ಅಂದೆ, ಬೆಳಗಿನ ನಮಸ್ಕಾರದ ಹಳೆಯ ಅಭ್ಯಾಸದಿಂದ. ಒಳಗಿನಿಂದ ಮಗಳು, "ಅಮ್ಮಾ, ಯಾರ ಹತ್ರ ಮಾತಾಡ್ತಿದ್ದೀಯ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಹಾಗೆ ಹೇಳಿದ ಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಅಜ್ಜನಿಗಾಗಿ ಅತ್ತೆ.