ದುರಗವ್ವನ ಹೊಲ

ನಮ್ಮ ಓಣಿಯ ಹಿಂದಿನ ಗುಡ್ಡದ ಮೇಲೆ ಈಗ ಪಂಚಾಯಿತಿಯ ಉದ್ಯಾನವಿದೆ. ಬೇವಿನ ಮರಗಳ ಕೆಳಗೆ ಕಲ್ಲಿನ ಬೆಂಚುಗಳಿವೆ, ಮಕ್ಕಳಿಗೆ ಜಾರುಬಂಡಿ ಇದೆ, ಉದ್ಘಾಟನೆ ಮಾಡಿದವರ ಹೆಸರು ಕೊರೆದ ಕಲ್ಲೂ ಇದೆ. ಬೇವು ನೆಟ್ಟವರ ಹೆಸರು ಮಾತ್ರ ಅದರಲ್ಲಿಲ್ಲ. ನವಲಗುಂದ ಸೀಮೆಯ ಎರೆಹೊಲಗಳ ನಡುವೆ ಬೇಸಗೆಯಲ್ಲಿ ನೆರಳು ಸಿಗುವುದೆಂದರೆ ಏನೆಂದು ಇಲ್ಲಿ ಬಾಳಿದವರಿಗೇ ಗೊತ್ತು. ಮೊಣಕಾಲು ಹಿಡಿದುಕೊಂಡು ದಿನಾ ಸಂಜೆ ಗುಡ್ಡ ಹತ್ತುವ ನಾನು, ಆ ನೆರಳಿಗೆ ಕೂತಾಗಲೆಲ್ಲ ದುರಗವ್ವನನ್ನು ನೆನೆಯುತ್ತೇನೆ, ಆಕೆ ಎದುರಿನ ಬೆಂಚಿನ ಮೇಲೇ ಕೂತಿದ್ದರೂ.

ದುರಗವ್ವ ಗುಡಗೇರಿ ಕಡೆಯವಳು. ತವರಿನಲ್ಲಿ ತುಂಡು ಹೊಲವಿತ್ತು. ಮದುವೆಯಾಗಿ ಬಂದ ವರ್ಷ ಸೀಗಿ ಹುಣ್ಣಿಮೆ ಬಂತು. ಅಂದು ನಮ್ಮಲ್ಲಿ ಭೂಮಿತಾಯಿ ಬಸುರಿ ಎಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಾಡಿದ ಅಡುಗೆಯನ್ನೇ ಬೆಳೆಯ ಸುತ್ತ ಚರಗ ಚೆಲ್ಲಿ ಆಕೆಯ ಬಯಕೆ ತೀರಿಸುತ್ತಾರೆ. ಹೊಸ ಸೊಸೆ ಸಜ್ಜಿ ಕಡುಬು, ಪುಂಡಿಪಲ್ಲೆ ಮಾಡಿ, ಬುಟ್ಟಿ ತುಂಬಿ, ನಮ್ಮ ಹೊಲ ಯಾವ ಕಡೆ ಎಂದು ಗಂಡನನ್ನು ಕೇಳಿದಳು. ಕೂಲಿಗೆ ಹೋಗುವ ಅಂದಾನೆಪ್ಪನಿಗೆ ಗೇಣು ಹೊಲವೂ ಇರಲಿಲ್ಲ. ಹಾಗೆನ್ನಲು ಬಾಯಿ ಬರಲಿಲ್ಲ. ಆಕೆಯನ್ನು ನೇರ ಈ ಬೋಳುಗುಡ್ಡಕ್ಕೆ ಕರೆತಂದು, "ಇದ ನಮ್ಮ ಹೊಲ. ಈ ವರ್ಷ ಬೀಳ ಬಿಟ್ಟೀವಿ" ಅಂದುಬಿಟ್ಟ.

ಆಕೆ ನಂಬಿದಳು. ಕಲ್ಲುಮಣ್ಣಿನ ಗರಸು ನೆಲ, ಜೋಳ ಬರುವುದಿಲ್ಲವೆಂದು ರೈತನ ಮಗಳಿಗೆ ನೋಡಿದೊಡನೆ ತಿಳಿಯಿತು. ಬೇವಾದರೂ ಬಂದೀತೆಂದು ಸಸಿ ನೆಟ್ಟಳು. ಕೂಲಿ ಮುಗಿಸಿ ಬಂದು ಕೆರೆಯಿಂದ ಕೊಡ ಹೊತ್ತು ನೀರು ಹಾಕಿದಳು. ಓಣಿಯವರು ಒಳಗೊಳಗೇ ನಕ್ಕರು, ನಿಜ ಹೇಳಲಿಲ್ಲ. ನೋಡಲು ಮಜಾ ಇತ್ತಲ್ಲ! ಕೊನೆಗೆ ಓಣಿಯ ಜಮಾಲಬಿಯ ಆಡು ಸಸಿ ತಿಂದಿತೆಂದು ದುರಗವ್ವ ಜಗಳಕ್ಕೆ ಹೋದಾಗ, ಅದು ಸರ್ಕಾರದ ಗುಡ್ಡವೆಂದು ಜಮಾಲಬಿ ಮುಖಕ್ಕೆ ಹೊಡೆದಂತೆ ಹೇಳಿದಳು. ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತೋ ಏನೋ, ಸಂಜೆ ತಾನೇ ಜಾಲಿಮುಳ್ಳು ತಂದು ಸಸಿಗಳಿಗೆ ಬೇಲಿ ಕಟ್ಟಿಕೊಟ್ಟಳು.

ಆ ರಾತ್ರಿ ಗಂಡ ಹೆಂಡಿರ ನಡುವೆ ಏನು ಮಾತಾಯಿತೋ ತಿಳಿಯದು. ಮರುದಿನವೂ ದುರಗವ್ವ ಕೊಡ ಹೊತ್ತು ಗುಡ್ಡ ಹತ್ತಿದಳು. ನೆಟ್ಟವರು ಒಣಗಲು ಬಿಡಬಾರದು ಎಂದಳಂತೆ. ಅಂದಾನೆಪ್ಪನಿಗೆ ಮಾತ್ರ 'ಗುಡ್ಡದ ಧಣಿ' ಎಂಬ ಹೆಸರು ಅಂಟಿಕೊಂಡಿತು. ನಮ್ಮೂರ ದೊಡ್ಡ ಹೊಲದ ಒಡೆಯ ಶಂಕ್ರಪ್ಪ, ಎದುರಾದಾಗಲೆಲ್ಲ ಈ ವರ್ಷ ಪೀಕು ಹೇಗಿದೆ ಎಂದು ಅವನನ್ನು ಕೇಳುವನು. ಅಂದಾನೆಪ್ಪ ತಲೆ ತಗ್ಗಿಸಿ ಹೋಗುವನು. ಹೀಗೇ ಇಬ್ಬರಿಗೂ ವಯಸ್ಸಾಯಿತು.

ಮರಗಳು ಬೆಳೆದವು. ಪಂಚಾಯಿತಿಯವರಿಗೂ ನೆರಳು ಕಣ್ಣಿಗೆ ಬಿತ್ತು, ಉದ್ಯಾನವಾಯಿತು. ಪ್ರತಿ ಸೀಗಿ ಹುಣ್ಣಿಮೆಗೆ ದುರಗವ್ವನ ಬುಟ್ಟಿ ಮಾತ್ರ ತಪ್ಪದೆ ಗುಡ್ಡ ಹತ್ತುತ್ತಿತ್ತು.

ಕೆಲವು ವರ್ಷಗಳ ಹಿಂದೆ ರಸ್ತೆಯ ಗುತ್ತಿಗೆದಾರನೊಬ್ಬನಿಗೆ ಗರಸು ಬೇಕಾಯಿತು. ಗುಡ್ಡದ ಹಿಂಬದಿಯ ಹಳೆಯ ತಗ್ಗಿನಲ್ಲಿ ತೆಗೆಯಲು ಮಾತ್ರ ಅವನಿಗೆ ಅಪ್ಪಣೆ ಇದ್ದದ್ದು. ಅವನ ಕಣ್ಣಿದ್ದದ್ದು ಗುಡ್ಡದ ನೆತ್ತಿಯ ಒಳ್ಳೆಯ ಗರಸಿನ ಮೇಲೆ. ಊರು ಖಾಲಿ ಇರುವ ದಿನ ನೋಡಿ, ಸೀಗಿ ಹುಣ್ಣಿಮೆಯಂದೇ ಜೆಸಿಬಿ ಕಳಿಸಿದ. ಅವನ ಎಣಿಕೆ ತಪ್ಪಲಿಲ್ಲ, ಹೊಲವಿದ್ದವರೆಲ್ಲ ಹೊಲದಲ್ಲಿದ್ದರು. ಹೊಲವಿಲ್ಲದ ಇಬ್ಬರು ಗುಡ್ಡದ ಮೇಲಿರುತ್ತಾರೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಜೆಸಿಬಿ ಗುಡ್ಡ ಏರಿ ಬಂದಾಗ ದುರಗವ್ವ ಬೇವಿನ ಸುತ್ತ ಚರಗ ಚೆಲ್ಲುತ್ತಿದ್ದಳು. ಆಕೆ ಅಡ್ಡ ಮಲಗಲಿಲ್ಲ, ಕೂಗಾಡಲಿಲ್ಲ. ಅದರ ಮುಂದೆಯೂ ಒಂದು ಹಿಡಿ ಚೆಲ್ಲಿ, ಚಾಲಕನನ್ನು ಊಟಕ್ಕೆ ಕರೆದಳು. ಚಾಲಕ ಮೈಲಾರಿ ಕುಂದಗೋಳ ಕಡೆಯ ಒಕ್ಕಲುತನದ ಮನೆಯವನು. ಇಂಜಿನ್ ಬಂದ್ ಮಾಡಿ ಕೆಳಗಿಳಿದ. ಗುತ್ತಿಗೆದಾರ ಫೋನಿನಲ್ಲಿ ಎಷ್ಟು ಬೈದರೂ ಅವನದು ಒಂದೇ ಮಾತು: "ಚರಗ ಚೆಲ್ಲಿದ ನೆಲ ಐತ್ರಿ. ಬಸುರಿ ಹೊಟ್ಟಿಗೆ ಬಕೆಟ್ ಹಾಕೂದು ನನ್ನ ಕಡೆ ಆಗೂದಿಲ್ರಿ." ಹೇಳಿ, ಕಡುಬು ತಿನ್ನಲು ಕೂತ.

ಹೊತ್ತು ಇಳಿಯುವಾಗ ಹೊಲಗಳಿಂದ ಮರಳುತ್ತಿದ್ದ ನಾವು ಗುಡ್ಡದ ಮೇಲೆ ಹಳದಿ ಯಂತ್ರ ಕಂಡು ಏದುಸಿರು ಬಿಡುತ್ತ ಹತ್ತಿದೆವು. ಎಲ್ಲರಿಗಿಂತ ಮುಂದೆ ಶಂಕ್ರಪ್ಪ. ಗುತ್ತಿಗೆದಾರನಿಗೆ ಫೋನು ಹಚ್ಚಿ, ಎಲ್ಲಿಯ ಅಪ್ಪಣೆ, ಎಲ್ಲಿ ಅಗೆಯುತ್ತಿ ಎಂದು ಅವನು ಕೇಳಿದ ಜೋರಿಗೆ ಯಂತ್ರ ಕೆಳಗಿಳಿಯಿತು. ಮತ್ತೆ ಮೇಲೆ ಬರಲಿಲ್ಲ.

ಆಮೇಲೆ ಶಂಕ್ರಪ್ಪ ತನ್ನ ಬುಟ್ಟಿ ಹಿಡಿದು ಅಂದಾನೆಪ್ಪನ ಎದುರು ಬಂದು ನಿಂತ. ಇನ್ನು ಪೀಕಿನ ಮಾತು ಬರುತ್ತದೆಂದು ಅಂದಾನೆಪ್ಪ ಎಂದಿನಂತೆ ತಲೆ ತಗ್ಗಿಸಿದ.

"ಅಂದಾನೆಪ್ಪಾ, ನಿಮ್ಮ ಹೊಲದಾಗ ನಾನೂ ಒಂದ ಹಿಡಿ ಚೆಲ್ಲಲೇನು?"

ಅಂದಾನೆಪ್ಪ ಹೆಂಡತಿಯ ಕಡೆ ನೋಡಿದ. ದುರಗವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ಚೆಲ್ರಿ," ಅಂದಳು. "ನಮ್ಮ ಮನಿಯವ್ರು ಆವತ್ತ ಸುಳ್ಳ ಹೇಳಿರಲಿಲ್ರಿ."

ಅಂದಾನೆಪ್ಪ ಬೇವಿನ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅಂದಿನಿಂದ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋದ ನಮ್ಮೂರ ಬುಟ್ಟಿಗಳೆಲ್ಲ ಕೊನೆಯ ಹಿಡಿಯನ್ನು ಗುಡ್ಡಕ್ಕೆ ಉಳಿಸಿಕೊಂಡು ಬರುತ್ತವೆ. ಎಲ್ಲಿ ಚೆಲ್ಲಬೇಕೆಂದು ಅಂದಾನೆಪ್ಪ ಮುಂದೆ ನಿಂತು ತೋರಿಸುತ್ತಾನೆ.